ಮೋತಿಗೆ ಬೇಟೆ ಕಲಿಸಿದ್ದು

ನನಗೊಂದು ಅಭ್ಯಾಸವಿದೆ. ಯಾವ ಅಂಗಡಿಗೆ ಹೋದರೂ, ಆಚೆ ಬಂದ ಮೇಲೆ ಮುಂದೆ ಹೋಗಬೇಕಾದ ಕಡೆ ಬಿಟ್ಟು ಬಂದ ಕಡೆಗೇ ತಿರುಗಿಬಿಡುತ್ತೇನೆ. ಬಲಗಡೆ ಅಂಚೆ ಕಚೇರಿ ಇದೆ, ಅಲ್ಲಿಗೇ ಹೋಗಬೇಕು ಎಂದು ಮನಸ್ಸಿನಲ್ಲಿ ಹೇಳಿಕೊಂಡೇ ಎಡಕ್ಕೆ ನಡೆದಿರುತ್ತೇನೆ. ನಮ್ಮ ಯಜಮಾನರು ಮೊದಮೊದಲು ಕೂಗಿ ಕರೆಯುತ್ತಿದ್ದರು. ಈಗ ಅಂಗಡಿಯ ಮೆಟ್ಟಿಲ ಮೇಲೇ ನಿಂತು, ನಾನು ತಪ್ಪು ತಿಳಿದು ವಾಪಸು ಬರುವವರೆಗೆ ಆಚೀಚೆಯವರೊಡನೆ ಮಾತಾಡಿಕೊಂಡಿರುತ್ತಾರೆ. ವಾರಪತ್ರಿಕೆಯನ್ನೂ ನಾನು ಹಿಂದಿನ ಪುಟದಿಂದಲೇ ಓದುವುದು. ಧಾರಾವಾಹಿಯ ಕೊನೆಯ ಕಂತು ಮೊದಲು ಓದಿ, ಇವರೆಲ್ಲ ಯಾರು, ಯಾಕೆ ಅಳುತ್ತಿದ್ದಾರೆ ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುತ್ತೇನೆ.

ಮೊನ್ನೆಯೂ ಬಟ್ಟೆಯಂಗಡಿಯಿಂದ ಆಚೆ ಬಂದು ಹೀಗೇ ಆಯಿತು. ವಾಪಸು ಬಂದಾಗ ಇವರು ಕೇಳಿದರು, "ನಿಂಗೆ ಈ ವಿದ್ಯೆ ಯಾರೇ ಕಲಿಸಿದ್ದು?"

"ನಂಗೆ ಯಾರೂ ಕಲಿಸ್ಲಿಲ್ಲ. ನಾನೇ ಒಬ್ಬನಿಗೆ ಕಲಿಸಿದ್ದೆ" ಎಂದೆ. ಯೋಚಿಸಿ ಹೇಳಿದ ಮಾತಲ್ಲ, ಬಾಯಿಗೆ ಬಂತು. ಆಮೇಲೆ ದಾರಿಯುದ್ದಕ್ಕೂ ಮೋತಿಯ ನೆನಪು. ಆ ನಾಯಿ ಬೇಟೆನಾಯಿಯಾಯಿತೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ಯಾವತ್ತೂ ಇತ್ಯರ್ಥವಾಗಲೇ ಇಲ್ಲ. ನನಗಂತೂ ಈಗಲೂ ಗೊಂದಲವೇ. ನೀವಾದರೂ ಕೇಳಿ ಹೇಳಿ.

ನಮ್ಮೂರು ಅಂಬಾಜಿದುರ್ಗದ ತಪ್ಪಲಿನಲ್ಲಿ, ಚಿಂತಾಮಣಿಗೆ ನಡೆದು ಹೋಗುವಷ್ಟು ದೂರ. ಐವತ್ತರ ದಶಕದ ಕೊನೆ ಇರಬೇಕು, ಅರವತ್ತು ದಾಟಿತ್ತೋ ಏನೋ. ನಾನು ಮಿಡ್ಲ್‌ಸ್ಕೂಲಿನಲ್ಲಿದ್ದೆ ಎನ್ನುವುದು ನೆನಪಿದೆ, ಯಾವ ಕ್ಲಾಸು ಎನ್ನುವುದು ನೆನಪಿಲ್ಲ. ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾನು ಮತ್ತು ರೇಷ್ಮೆ ಹುಳ. ಹುಳವನ್ನು ಕೊನೆಯಲ್ಲಿ ಹೇಳಿದೆನೆಂದು ಅಮ್ಮ ಇದ್ದಿದ್ದರೆ ಗದರುತ್ತಿದ್ದರು. ನಡುಮನೆ ಪೂರ್ತಿ ಹುಳದ ತಟ್ಟೆಗಳದು. ಉಳಿದ ಜಾಗದಲ್ಲಿ ನಾವು ಹೇಗೋ ಹೊಂದಿಕೊಂಡು ಇರಬೇಕು. ಹುಳ ಮನೆಯಲ್ಲಿದ್ದಷ್ಟು ದಿನ ಒಗ್ಗರಣೆ ಹಾಕುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಬಂದ ನೆಂಟರು ಕಾಲು ತೊಳೆದರೂ ನಡುಮನೆಗೆ ಕಾಲಿಡುವ ಹಾಗಿಲ್ಲ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. "ಹುಳ ಜ್ವರಕ್ಕೆ ಕೂತಿದೆ" ಎಂದರೆ ನಾವೆಲ್ಲ ಪಿಸುಮಾತಿನಲ್ಲಿ ಓಡಾಡಬೇಕು. ನನಗೆ ನಿಜವಾದ ಜ್ವರ ಬಂದಾಗ ಮನೆಯಲ್ಲಿ ಅಷ್ಟು ನಿಶ್ಶಬ್ದ ಇದ್ದದ್ದಿಲ್ಲ.

ಇಂಥ ಮನೆಗೆ ನಾಯಿಮರಿ ಬಂದದ್ದು ಒಬ್ಬ ಸಾಬರಿಂದ. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಮೆಹಬೂಬ್ ಸಾಬರು ಪ್ರತಿ ಬೆಳೆಗೂ ಸೈಕಲ್ಲಿನಲ್ಲಿ ಬಂದು ನಮ್ಮ ರೇಷ್ಮೆಗೂಡು ನೋಡಿ ಒಯ್ಯುತ್ತಿದ್ದರು. ಆ ಸಲ ಅವರ ಗೂಡಿನ ಚೀಲ ಬರುವಾಗಲೇ ಅಲ್ಲಾಡುತ್ತಿತ್ತು. ಬಾಯಿ ಬಿಚ್ಚಿದರೆ ಒಳಗೊಂದು ಮರಿ. ಕಂದು ಬಣ್ಣ, ಉದ್ದ ಕಾಲು, ಮೂತಿ ಮಾತ್ರ ಕಪ್ಪು.

"ಕಳವಾರದ ಹತ್ರ ನಮ್ಮ ಭಾವ ಇದಾನೆ ನೋಡಿ, ಅವನ ಮನೇದು. ಅಸಲಿ ಬೇಟೆ ಜಾತಿ. ಇದರ ತಾಯಿ ಮೊಲಾನ ನಿಂತಲ್ಲೇ ನಿಲ್ಲಿಸಿಬಿಡ್ತಾಳೆ" ಎಂದರು ಸಾಬರು.

"ತಂದೆ?" ಎಂದು ಅಪ್ಪ ಕೇಳಿದರು.

ಸಾಬರು ಸ್ವಲ್ಪ ಹೊತ್ತು ಮರಿಯ ಬಾಲ ನೋಡಿದರು. "ತಂದೆ ವಿಚಾರ ಅಲ್ಲಾಗೆ ಗೊತ್ತು ಸ್ವಾಮಿ."

ಅಲ್ಲಿಂದಲೇ ಗೊಂದಲ ಶುರು. ಸಾಬರು ಅದನ್ನು ಮೋತಿ ಎಂದು ಕರೆದರು. ಬೇಟೆನಾಯಿಗೆ ಮುತ್ತು ರತ್ನದ ಹೆಸರು ಯಾಕೆ ಎಂದು ಅಪ್ಪ ಟೈಗರ್ ಎಂದು ಕರೆದರು. ನನ್ನ ಹೆಸರು ರತ್ನಮ್ಮ; ಅಪ್ಪನ ಮಾತಿಗೆ ನಾನು ಆ ದಿನ ಪೂರ್ತಿ ಮುನಿಸಿಕೊಂಡಿದ್ದೆ. ಅಜ್ಜಿ ತೆಲುಗಿನವರ ಮನೆಯ ಮಗಳು, ಮರಿಯನ್ನೂ ಹುಡುಗರನ್ನು ಕರೆಯುವ ಹಾಗೆ "ಒರೇಯ್" ಎಂದಷ್ಟೇ ಕೂಗುತ್ತಿದ್ದರು. ಮರಿ ಮೋತಿಗೂ ತಿರುಗುತ್ತಿರಲಿಲ್ಲ, ಟೈಗರಿಗೂ ತಿರುಗುತ್ತಿರಲಿಲ್ಲ. ಒರೇಯ್ ಎಂದರೆ ಓಡಿ ಬರುತ್ತಿತ್ತು. ಬೀದಿಯಲ್ಲಿದ್ದ ಹುಡುಗರಲ್ಲಿ ಅರ್ಧದಷ್ಟು ಜನವೂ ಅದರ ಜೊತೆ ಓಡಿ ಬರುತ್ತಿದ್ದರು.

ಅಮ್ಮ ಮಾತ್ರ ಯಾವ ಹೆಸರಿನಿಂದಲೂ ಕರೆಯಲಿಲ್ಲ. "ಇದು ಹುಳದ ಮನೆ ಕಣ್ರೀ. ಒಂದು ಕೂದಲು ತಟ್ಟೆಗೆ ಬಿದ್ರೆ ಯಾರು ಹೊಣೆ? ಇರುವೆ ಬರ್ತವೆ, ನೊಣ ಬರ್ತವೆ. ಇದು ಇಲ್ಲಿ ಬೇಡ" ಎಂದರು.

ಅದೇ ವೇಳೆಗೆ ಗೌರಿಬಿದನೂರಿನ ಸೋದರಮಾವ ಬಂದಿದ್ದರು. ಅವರದು ಅಲ್ಲಿ ಕಡಲೆಕಾಯಿ ಮಂಡಿ. "ನಂಗೆ ಕೊಡಿ ಭಾವ. ಅಂಗಳದಲ್ಲಿ ಮೂಟೆ ಬಿದ್ದಿರ್ತವೆ, ಸರಪಳಿ ಹಾಕಿ ಕಟ್ಟಿಹಾಕ್ತೀನಿ. ಬೊಗಳ್ಕೊಂಡಿರುತ್ತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನನಗೆ ಆ ಸರಪಳಿ ಎನ್ನುವ ಮಾತು ಹಿಡಿಸಲಿಲ್ಲ. ಮರಿ ಆಗಷ್ಟೇ ನನ್ನ ಲಂಗದ ಅಂಚು ಕಚ್ಚಿಕೊಂಡು ನಿದ್ದೆ ಹೋಗಿತ್ತು.

ಅಪ್ಪ ಇಬ್ಬರ ಮಾತೂ ಕೇಳಿ, ಅವರ ರೂಢಿಯಂತೆ ಎರಡನ್ನೂ ಒಪ್ಪಿಕೊಂಡರು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಆ ದಿನ ನಮ್ಮ ಕಡೆ ಊರ ಗಂಡಸರೆಲ್ಲ ಬಲೆ, ದೊಣ್ಣೆ, ನಾಯಿ ಹಿಡಿದು ಗುಡ್ಡಕ್ಕೆ ಬೇಟೆಗೆ ಹೋಗುವುದು ಪದ್ಧತಿ. "ಹೊಸತೊಡಕಿನ ಬೇಟೇಲಿ ಏನಾದ್ರೂ ಮಾಡಿ ತೋರಿಸಿದ್ರೆ ಇಲ್ಲಿರ್ಲಿ. ಇಲ್ದಿದ್ರೆ ನಿನ್ ಜೊತೆ ಕರ್ಕೊಂಡು ಹೋಗು" ಎಂದು ಮಾವನಿಗೆ ಹೇಳಿದರು. ಅಲ್ಲಿಗೆ ಮೋತಿಯ ಹಣೆಬರಹ ಯುಗಾದಿಗೆ ನಿಗದಿಯಾಯಿತು. ಅಮ್ಮ ಒಂದೇ ಶರತ್ತು ಹಾಕಿದರು: ಅಲ್ಲಿಯವರೆಗೆ ಅದು ಹಿತ್ತಲಲ್ಲಿರಬೇಕು, ಹೊಸ್ತಿಲು ದಾಟಬಾರದು.

ಬೇಟೆನಾಯಿಯನ್ನು ತಯಾರು ಮಾಡುವುದು ಹೇಗೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ಊರಿನ ಬೇಟೆಗೆ ಮುಂದಾಳು ವೆಂಕಟ್ರೋಣಪ್ಪ. ಅವರು ಬಂದು ಮರಿಯ ಕಿವಿ ಎತ್ತಿ ನೋಡಿ, ಬಾಯಿ ತೆರೆದು ನೋಡಿ, ಹೊಟ್ಟೆ ಒತ್ತಿ ನೋಡಿ, "ಕಣಜದ ಹುಳ ಹಿಡ್ದು ಮುದ್ದೆಗಿಕ್ಕಿ ತಿನ್ಸಿ. ರೋಷ ಬತ್ತದೆ" ಎಂದರು. ಕಣಜ ಹಿಡಿಯಲು ಹೋಗಿ ಅಪ್ಪ ಹುಬ್ಬು ಊದಿಸಿಕೊಂಡು ವಾರದ ತನಕ ಒಂದೇ ಕಣ್ಣಲ್ಲಿ ಓಡಾಡಿದರು. ರೋಷ ಬಂದದ್ದು ಅಮ್ಮನಿಗೆ. ಇನ್ನೊಬ್ಬರು ನಾಯಿಗೆ ಹೊಟ್ಟೆ ತುಂಬಾ ಹಾಕಬೇಡಿ ಎಂದರು, ಮತ್ತೊಬ್ಬರು ಹೊಟ್ಟೆ ತುಂಬದ ನಾಯಿ ಓಡುವುದೇ ಇಲ್ಲ ಎಂದರು. ಅಪ್ಪ ಒಂದು ದಿನ ಹಾಕಿ ಒಂದು ದಿನ ಬಿಟ್ಟರು. ಹಾಕದ ದಿನ ಅಜ್ಜಿ ಹಾಕುತ್ತಿದ್ದರು.

ಮುಂದಿನ ಬೆಳೆಗೆ ಬಂದ ಸಾಬರು ಇದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡರು. "ಅಯ್ಯೋ, ಅದೆಲ್ಲ ಬೇಡ. ಮೊಲದ ತೊಗಲು ಒಂದು ತಗೊಳ್ಳಿ. ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಎಳ್ಕೊಂಡು ಹೋಗಿ. ನಾಯಿ ಆ ವಾಸನೆ ಹಿಡ್ಕೊಂಡು ಬರಬೇಕು. ಕೊನೇಲಿ ತಿನ್ನೋಕೆ ಏನಾದ್ರೂ ಇಡಿ. ಅಷ್ಟೇ ವಿದ್ಯೆ."

ಅಷ್ಟೇ ವಿದ್ಯೆ ಎಂದ ಮೇಲೆ ಅಪ್ಪನಿಗೆ ಅದರಲ್ಲಿ ಆಸಕ್ತಿ ಹೋಯಿತು. ಕೆಲಸ ನನಗೆ ಬಂತು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದಾದದ್ದಕ್ಕೆಲ್ಲ ಇದೇ ಮೂಲ.

ವೆಂಕಟ್ರೋಣಪ್ಪನವರಿಂದ ಮೊಲದ ತೊಗಲು ಸಿಕ್ಕಿತು. ಅದರ ವಾಸನೆ ಎಂಥದ್ದೆಂದರೆ ಹುಳ ಇರಲಿ, ನಾವೇ ಜ್ವರಕ್ಕೆ ಕೂರುವಂತಿತ್ತು. ಮನೆಯೊಳಗೆ ಇಡುವ ಮಾತೇ ಇಲ್ಲ. ಹಾಗಾಗಿ ಹಿತ್ತಲಾಚೆಯ ಹಿಪ್ಪುನೇರಳೆ ತೋಟದಲ್ಲಿ ಒಂದು ಹೊಂಗೆ ಮರವಿತ್ತು, ಅದರ ಕೊಂಬೆಗೆ ನೇತುಹಾಕಿದೆವು. ಆ ಮರದ ಕೆಳಗೆ ಅಜ್ಜಿ ದಿನವೂ ಹುಳ ತಿನ್ನುವ ಸೊಪ್ಪಿಗೆ ಕಾವಲು ಕೂರುತ್ತಿದ್ದರು. ಅಜ್ಜಿಗೆ ಮಂಡಿನೋವು, ಗುಡ್ಡದವರೆಗೆ ನಡೆಯಲಾರರು. ಮೋತಿಗೆ ಹಾಕುವ ರಾಗಿಮುದ್ದೆ ಅಜ್ಜಿಯ ಕೈಯಲ್ಲೇ ಇರಬೇಕು, ಯಾಕೆಂದರೆ ಬೇರೆ ಎಲ್ಲಿ ಇಟ್ಟರೂ ಕಾಗೆ ಒಯ್ಯುತ್ತದೆ. ಗುಡ್ಡದ ಬುಡದಲ್ಲಿ ತೊಗಲು ಬಿಟ್ಟು ಬಂದರೆ ಊರ ನಾಯಿಗಳು ಬಿಡುವುದಿಲ್ಲ, ಇರುವುದು ಒಂದೇ ತೊಗಲು. ಇಷ್ಟೆಲ್ಲ ಯೋಚನೆ ಮಾಡಿ, ತುಂಬಾ ಬುದ್ಧಿವಂತಿಕೆಯಿಂದ, ನಾನು ಒಂದು ಕ್ರಮ ಮಾಡಿಕೊಂಡೆ.

ಸ್ಕೂಲಿಗೆ ಮುಂಚೆ, ಸೊಪ್ಪು ತರುವ ಕುಕ್ಕೆಯಲ್ಲಿ ಮೋತಿಯನ್ನು ಕೂರಿಸಿ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ. ದಾರಿ ನೋಡಬಾರದೆಂದು ಮೇಲೊಂದು ಗೋಣಿ. ತೊಗಲಿನ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಹೊಂಗೆ ಮರದಿಂದ ಹೊರಟು, ಗುಡ್ಡದ ಬುಡದವರೆಗೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದೆ. ಅಲ್ಲಿ ತೊಗಲನ್ನು ಜೊತೆಗೆ ಒಯ್ದ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದು, ಮೋತಿಯನ್ನು ಕೆಳಗಿಳಿಸಿ "ಹೂಂ, ಹುಡುಕು" ಎನ್ನುವುದು. ಮೋತಿ ಮೂಗು ನೆಲಕ್ಕೆ ಹಚ್ಚಿ, ತೊಗಲು ಹೋದ ಗುರುತು ಹಿಡಿದು, ತಪ್ಪದೆ ಹೊಂಗೆ ಮರಕ್ಕೆ ಬರುತ್ತಿತ್ತು. ಅಲ್ಲಿ ಅಜ್ಜಿ ಮುದ್ದೆ ಕೊಡುತ್ತಿದ್ದರು. ತಲೆಯ ಮೇಲೆ ನಾಯಿ, ಸೊಂಟದ ಹಿಂದೆ ತೊಗಲು ಎಳೆದುಕೊಂಡು ನಾನು ಹೋಗುವುದನ್ನು ಊರೆಲ್ಲ ನೋಡಿದೆ. ಹುಡುಗಿಗೆ ಏನೋ ಹರಕೆ ಇದೆಯೆಂದು ಎಷ್ಟೋ ಜನ ತಿಳಿದಿದ್ದರಂತೆ. ಮೋತಿ ಬೆಳೆದು ಭಾರವಾದ ಮೇಲೆ ಕುಕ್ಕೆ ಬಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿಕೊಂಡು ಹೋಗುತ್ತಿದ್ದೆ.

ದಿನಕ್ಕೊಂದು ದಾರಿ ಬದಲಿಸಿದೆ. ಕೆರೆಯ ಏರಿ ಮೇಲೆ, ಹುರುಳಿ ಹೊಲದ ನಡುವೆ, ಬಂಡೆಗಳ ಸಂದಿಯಲ್ಲಿ. ಮೋತಿ ಒಂದು ದಿನವೂ ತಪ್ಪಲಿಲ್ಲ. ಅಪ್ಪ ಒಮ್ಮೆ ಬಂದು ನೋಡಿ, ಮಾರನೆಯ ದಿನ ಊರ ಕಟ್ಟೆಯಲ್ಲಿ ತಾನೇ ಕಲಿಸಿದ ಹಾಗೆ ಹೇಳಿಕೊಂಡರು. ಸಾಬರು ಹೇಳಿದ್ದೇನು? ವಾಸನೆ ಹಿಡಿದು ಬರಬೇಕು, ಕೊನೆಯಲ್ಲಿ ತಿಂಡಿ ಇರಬೇಕು. ಎರಡೂ ಇತ್ತು. ನಾಯಿ ಹುಡುಕುತ್ತಿದ್ದದ್ದು ತೊಗಲು ಹೋದ ಕಡೆಯನ್ನಲ್ಲ, ಹೊರಟ ಕಡೆಯನ್ನು ಎಂದು ನನಗೂ ಹೊಳೆಯಲಿಲ್ಲ, ನೋಡಿದ ಯಾರಿಗೂ ಹೊಳೆಯಲಿಲ್ಲ. ನಿಮಗೆ ಆಗಲೇ ಹೊಳೆದಿದ್ದರೆ ನೀವು ನಮ್ಮೂರಿನವರಲ್ಲ.

ಅಮ್ಮ ಪ್ರತಿವರ್ಷ ಯುಗಾದಿಗೆ ಮುಂಚೆಯೇ ಗೂಡು ಬಿಡಿಸಿ ಮಾರಿ ಮುಗಿಯುವಂತೆ ಲೆಕ್ಕ ಹಾಕಿ ಹುಳ ಸಾಕುತ್ತಿದ್ದರು, ಹೊಸತೊಡಕಿನ ಮಸಾಲೆಗೆ ಅಡ್ಡಿಯಾಗಬಾರದೆಂದು. ಆ ವರ್ಷವೂ ನಡುಮನೆ ಖಾಲಿಯಾಗಿತ್ತು. ಮಾವ ಹಬ್ಬಕ್ಕೆ ಬಂದರು. ಜೊತೆಗೆ ಹೊಸ ಸರಪಳಿಯನ್ನೂ ತಂದಿದ್ದರು. ಗೋಡೆಯ ಮೊಳೆಗೆ ಅದನ್ನು ತೂಗುಹಾಕಿ, "ಬೇಕಾದ್ರೆ ಅಂತ ತಂದೆ ಅಷ್ಟೇ" ಎಂದರು. ಹೋಳಿಗೆ ತಿನ್ನುವಾಗಲೆಲ್ಲ ಅದು ನನ್ನ ಕಣ್ಣ ಮುಂದೆಯೇ ಇತ್ತು.

ಹೊಸತೊಡಕಿನ ಬೆಳಿಗ್ಗೆ ಅಪ್ಪ ಮೋತಿಯ ಕೊರಳಿಗೆ ಗೆಜ್ಜೆ ಕಟ್ಟಿದರು. ನಾನೂ ಬರುತ್ತೇನೆ ಎಂದೆ.

"ಹೆಣ್ಮಕ್ಕಳು ಬೇಟೆಗೆ ಬರಬಾರ್ದಮ್ಮ" ಎಂದರು ವೆಂಕಟ್ರೋಣಪ್ಪ.

"ಕಲಿಸಿದ್ದು ನಾನು."

"ಕಲಿಸು, ಯಾರು ಬೇಡಾಂದ್ರು? ಬರಬಾರ್ದು ಅಷ್ಟೆ."

ಮೋತಿ ಹೋಗುವಾಗ ನನ್ನನ್ನು ತಿರುಗಿ ತಿರುಗಿ ನೋಡುತ್ತಿತ್ತು. ಕಣ್ಣಿಗೆ ಬಟ್ಟೆ ಯಾಕೆ ಕಟ್ಟಲಿಲ್ಲ ಎಂದು ಕೇಳುತ್ತಿತ್ತೋ ಏನೋ. ನಾನು ಹಿತ್ತಲ ಒರಳಿನ ಮುಂದೆ ಮಸಾಲೆ ರುಬ್ಬಲು ಕೂತೆ. ಕೈ ರುಬ್ಬುತ್ತಿತ್ತು, ಕಿವಿ ಗುಡ್ಡದ ಕಡೆ. ಕೂಗು ಕೇಳಿದರೆ ರುಬ್ಬುವುದು ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಒಂದು ಮೊಲ, ಒಂದೇ ಒಂದು ಮೊಲ ಹಿಡಿಯಲಿ ಎಂದು ಊರಿನ ಎಲ್ಲ ದೇವರಿಗೂ ಹೇಳಿಕೊಂಡೆ.

ಬಿಸಿಲೇರುವ ಹೊತ್ತಿಗೆ ಗೆಜ್ಜೆಯ ಸದ್ದು ಕೇಳಿಸಿತು. ಎದ್ದು ನೋಡಿದರೆ ಮೋತಿ ಒಂದೇ. ಹಿಂದೆ ಯಾರೂ ಇಲ್ಲ. ಬಾಯಲ್ಲಿ ಏನೂ ಇಲ್ಲ. ಮೂಗು ನೆಲಕ್ಕೆ ಹಚ್ಚಿಕೊಂಡು, ನನ್ನನ್ನು ನೋಡದೆ, ಹಿಪ್ಪುನೇರಳೆ ತೋಟಕ್ಕೆ ನುಗ್ಗಿತು. ಮುಗಿಯಿತು ಅಂದುಕೊಂಡೆ. ಬೇಟೆ ಬಿಟ್ಟು ಮುದ್ದೆ ತಿನ್ನಲು ಬಂದಿದೆ ದರಿದ್ರದ್ದು. ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಮಸಾಲೆ ಕೈಯಲ್ಲೇ ಹಿಂದೆ ಓಡಿದೆ.

ಆದರೆ ಮೋತಿ ಹೊಂಗೆ ಮರದ ಹತ್ತಿರ ನಿಲ್ಲಲಿಲ್ಲ. ಆ ದಿನ ಅಜ್ಜಿಯೂ ಅಲ್ಲಿರಲಿಲ್ಲ. ಮರ ದಾಟಿ, ಸಾಲು ದಾಟಿ, ತೋಟದ ಮೂಲೆಯಲ್ಲಿ ಹೊಸದಾಗಿ ಚಿಗುರಿದ್ದ ಒಂದು ಗಿಡದ ಬುಡದಲ್ಲಿ ನಿಂತು ಬಾಲ ಅಲ್ಲಾಡಿಸಿತು. ನಾನು ಬಗ್ಗಿ ಸೊಪ್ಪು ಸರಿಸಿದೆ. ಒಣಹುಲ್ಲಿನ ತಗ್ಗಿನಲ್ಲಿ ಎರಡು ಮೊಲದ ಮರಿಗಳು. ಅಂಗೈಯಷ್ಟೇ ಇದ್ದವು. ಕಣ್ಣು ಬಿಟ್ಟುಕೊಂಡು, ಒಂದಕ್ಕೊಂದು ಅಂಟಿಕೊಂಡು, ಉಸಿರೇ ಇಲ್ಲದಂತೆ ಕೂತಿದ್ದವು. ಮೋತಿ ಅವನ್ನು ಮುಟ್ಟಲಿಲ್ಲ. ಮುಟ್ಟಲು ಅದಕ್ಕೆ ಯಾರೂ ಕಲಿಸಿರಲಿಲ್ಲ. ಗುರುತಿನ ಕೊನೆಯಲ್ಲಿ ಮುದ್ದೆ ಇರಬೇಕಿತ್ತು, ಇದೇನೋ ಬೇರೆ ಇದೆಯಲ್ಲ ಎಂಬಂತೆ ನನ್ನ ಮುಖ ನೋಡಿತು. ನಾನು ಅದರ ಮುಖ ನೋಡಿದೆ. ನಮ್ಮಿಬ್ಬರಲ್ಲಿ ಯಾರಿಗೆ ಹೆಚ್ಚು ಗೊಂದಲವಾಗಿತ್ತೋ ಹೇಳಲಾರೆ.

ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಬಂದರು. ಬಗ್ಗಿ ನೋಡಿದರು. ಸೊಪ್ಪನ್ನು ಮೊದಲಿದ್ದ ಹಾಗೆ ಸರಿಮಾಡಿ, "ಒರೇಯ್, ರಾ" ಎಂದು ಮೋತಿಯನ್ನು ಕರೆದುಕೊಂಡು ಹೊರಟುಬಿಟ್ಟರು.

ಗಂಡಸರು ಬಂದದ್ದು ಮಧ್ಯಾಹ್ನ. ಬೇರೆಯವರ ನಾಯಿ ಗುಡ್ಡದ ಆಚೆ ಬದಿಯಲ್ಲಿ ಒಂದು ಮೊಲ ಹಿಡಿದಿತ್ತು. ನಮ್ಮ ಜಗಲಿಯ ಮುಂದೆಯೇ ಪಾಲು ಹಾಕಲು ಕೂತರು. ಬೇಟೆಗೆ ಹೋದ ಎಲ್ಲರಿಗೂ ಒಂದೊಂದು ಪಾಲು. ಮೊಲಕ್ಕೆ ಬಾಯಿ ಹಾಕಿದ ನಾಯಿಯ ಮನೆಗೆ ನಾಯಿ ಪಾಲು ಎಂದು ಬೇರೆ ಕೊಡಬೇಕು. ಆ ಪಾಲಿಗೆ ಇರುವ ಮರ್ಯಾದೆ ಮಿಕ್ಕ ಯಾವ ಪಾಲಿಗೂ ಇಲ್ಲ. ನನಗೆ ಇದ್ದದ್ದು ಒಂದೇ ಹೆದರಿಕೆ.

"ಈ ಮೊಲ ಗಂಡೋ ಹೆಣ್ಣೋ?" ಎಂದು ಕೇಳಿದೆ.

ಎಲ್ಲರೂ ನಕ್ಕರು. "ಯಾಕಮ್ಮ, ಸಂಬಂಧ ಮಾಡ್ಬೇಕಾ?" ಎಂದರು ಮಾವ.

"ಗಂಡು ಕಣಮ್ಮ" ಎಂದು ವೆಂಕಟ್ರೋಣಪ್ಪ ಹೇಳಿದ ಮೇಲೆ ಉಸಿರು ಬಿಟ್ಟೆ.

ಆಮೇಲೆ ಮೋತಿಯ ಕತೆ ಹೊರಗೆ ಬಂತು. "ಏನ್ ಹೇಳ್ಲಿ ಸ್ವಾಮಿ" ಎಂದು ವೆಂಕಟ್ರೋಣಪ್ಪ ತಲೆ ಕೆರೆದುಕೊಂಡರು. "ಎಲ್ಲಾ ನಾಯಿಗಿಂತ ಮೊದ್ಲು ವಾಸನೆ ಹಿಡಿದಿದ್ದು ಇದೇ. ನಾನೇ ಕಂಡೆ. ಎಂಥಾ ಮೂಗು ಅಂತೀರಾ. ಮೊಲ ಎದ್ದು ಮೇಲಕ್ಕೆ ಓಡ್ತು. ಇದು ಬೊಗಳ್ಕೊಂಡು ಕೆಳಕ್ಕೆ ಓಡ್ತು. ಇದು ಯಾಕೆ ಕೆಳಕ್ಕೋಯ್ತು ಅಂತ ನಾವೆಲ್ಲ ಬಾಯಿ ಬಿಟ್ಕೊಂಡು ನೋಡ್ತಾ ನಿಂತ್ವಿ. ಅಷ್ಟ್ರಲ್ಲಿ ಆ ಮೊಲ ಎಲ್ಲೋಯ್ತೋ ಗೊತ್ತಾಗ್ಲಿಲ್ಲ."

ನನಗೆ ಆಗ ಅರ್ಥವಾಯಿತು. ಪೂರ್ತಿ ಅಲ್ಲ, ಅರ್ಧ. ಉಳಿದರ್ಧವನ್ನು ಮುಂದೆ ಎಷ್ಟೋ ದಿನ ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ಎಳೆದು ಅರ್ಥಮಾಡಿಕೊಂಡೆ. ಮೇಲಕ್ಕೆ ಓಡಿದ್ದ ಆ ತಾಯಿಮೊಲ ಬೆಳಿಗ್ಗೆ ನಮ್ಮ ತೋಟದಲ್ಲಿ ಮರಿಗಳನ್ನು ಬಿಟ್ಟು ಗುಡ್ಡಕ್ಕೆ ಹೋಗಿತ್ತು. ಮೋತಿ ಅದು ಹೋದ ಕಡೆ ಬಿಟ್ಟು ಅದು ಹೊರಟ ಕಡೆಗೆ ಬಂದಿತ್ತು. ನಾನು ಕಲಿಸಿದ್ದನ್ನು ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲದೆ ಮಾಡಿತ್ತು.

ಅಪ್ಪ ನನ್ನ ಕಡೆ ತಿರುಗಿದರು. ಊರವರ ಮುಂದೆ ಅವರ ಮುಖ ಸಪ್ಪಗಾಗಿತ್ತು. "ಏನಮ್ಮ, ಟೈಗರ್ ಸೀದಾ ತೋಟಕ್ಕೆ ಬಂತಂತಲ್ಲ. ಅಲ್ಲೇನಿತ್ತು?" ಎಂದು ಕೇಳಿದರು.

ಹೇಳಿಬಿಟ್ಟರೆ ಆಗಿಹೋಗುತ್ತಿತ್ತು. ನಮ್ಮ ಮೋತಿ ಮೊಲದ ಗೂಡನ್ನೇ ಹುಡುಕಿದೆ ಎಂದು ಒಂದು ಮಾತು ಸಾಕಿತ್ತು. ನಾಯಿ ಪಾಲು, ಮರ್ಯಾದೆ, ಎಲ್ಲವೂ ಮೋತಿಯದೇ. ಸರಪಳಿ ಬಂದ ಹಾಗೆ ಗೌರಿಬಿದನೂರಿಗೆ ವಾಪಸು. ಆದರೆ ಜಗಲಿಯ ಮೇಲೆ ಕತ್ತಿ ಮಸೆದುಕೊಂಡು ಕೂತಿದ್ದರು. ಒಲೆಯ ಮೇಲೆ ಪಾತ್ರೆ ಇತ್ತು. ನಾನೇ ರುಬ್ಬಿದ ಮಸಾಲೆ ಇತ್ತು. ಹಿಪ್ಪುನೇರಳೆ ಚಿಗುರು ತಿನ್ನುವ ಮೊಲ ಎಂದರೆ ಅಮ್ಮನೂ ಸುಮ್ಮನಿರುವವರಲ್ಲ. ನನಗೆ ಮೋತಿ ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಬಾಯಿ ತೆರೆದೆ. ಆ ಎರಡು ಜೊತೆ ಕಣ್ಣು ಎದುರಿಗೆ ಬಂದವು.

"ಮುದ್ದೆಗೆ ಬಂತು ಅಪ್ಪ" ಎಂದೆ.

ಎಲ್ಲರೂ ಮತ್ತೆ ನಕ್ಕರು. ನಾಯಿ ಪಾಲು ಬೇರೆ ಮನೆಗೆ ಹೋಯಿತು. ಅಜ್ಜಿಯತ್ತ ನೋಡಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಒಳಗೆ ಹೋಗಿ ಖಾಲಿ ತಟ್ಟೆಗಳ ಹಿಂದೆ ಕೂತು ಅತ್ತೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯದೆ ಅಳುವುದು ಬಹಳ ಕಷ್ಟ. ಎಲ್ಲಿ ನಿಲ್ಲಿಸಬೇಕು ಎಂದೇ ಗೊತ್ತಾಗುವುದಿಲ್ಲ.

ಮಾರನೆಯ ಬೆಳಿಗ್ಗೆ ಮಾವ ಮೋತಿಯ ಕೊರಳಿಗೆ ಸರಪಳಿ ಹಾಕಿದರು. ಚಿಂತಾಮಣಿಯವರೆಗೆ ನಡೆದು, ಅಲ್ಲಿ ಚಿಕ್ಕ ರೈಲು ಹತ್ತಿ ಚಿಕ್ಕಬಳ್ಳಾಪುರ, ಅಲ್ಲಿಂದ ಬಸ್ಸಿನಲ್ಲಿ ಗೌರಿಬಿದನೂರು. ಮೋತಿ ಮೊದಲು ಜಗ್ಗಿತು, ಆಮೇಲೆ ಹೇಗೂ ಗುಡ್ಡಕ್ಕೆ ಕರೆದೊಯ್ಯುತ್ತಾರೆಂದುಕೊಂಡಿತೋ ಏನೋ, ಸುಮ್ಮನೆ ಹೊರಟಿತು. ಅಪ್ಪ ಒಳಗಿಂದ ಆಚೆ ಬರಲಿಲ್ಲ. ಅಮ್ಮ, ಹೊಸ್ತಿಲು ದಾಟಬಾರದು ಎಂದಿದ್ದ ಅಮ್ಮ, ದಾರಿಗೆ ಎಂದು ಮೋತಿಗೆ ಮುದ್ದೆ ಕಟ್ಟಿಕೊಟ್ಟರು.

"ಚೆನ್ನಾಗಿ ನೋಡ್ಕೊಳ್ತೀನಿ ಕಣಮ್ಮ. ರಜಕ್ಕೆ ಬಾ" ಎಂದರು ಮಾವ.

ತೋಟಕ್ಕೆ ಹೋಗಿ ನೋಡಿದರೆ ಮೊಲದ ಮರಿಗಳೂ ಇರಲಿಲ್ಲ. ತಾಯಿ ಬಂದು ಬೇರೆ ಕಡೆಗೆ ಕರೆದುಕೊಂಡು ಹೋಯಿತೋ, ನರಿಯ ಪಾಲಾದವೋ ಗೊತ್ತಿಲ್ಲ. ರಕ್ತದ ಗುರುತು ಇರಲಿಲ್ಲ, ಅದೊಂದು ಸಮಾಧಾನ. ಆದರೆ ಇವುಗಳಿಗೋಸ್ಕರ ಅದನ್ನು ಕಳಿಸಿದೆ, ಈಗ ಇವೂ ಇಲ್ಲ, ಅದೂ ಇಲ್ಲ. ಆ ಖಾಲಿ ತಗ್ಗಿನ ಮುಂದೆ ಕೂತು, ನಾನು ನಿನ್ನೆ ಏನು ಮಾಡಿದೆ ಎಂದು ನನ್ನನ್ನೇ ಕೇಳಿಕೊಂಡೆ. ಸ್ಕೂಲಿಗೆ ಹೋಗಲಿಲ್ಲ. ಯಾರೂ ಹೋಗು ಎನ್ನಲೂ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹೊಂಗೆ ಮರದ ಕೆಳಗೆ ಕೂತಿದ್ದಾರೆ. ಹುಳ ಇಲ್ಲದ ಕಾಲದಲ್ಲಿ ಸೊಪ್ಪಿಗೆ ಯಾವ ಕಾವಲು? ಪಕ್ಕದಲ್ಲಿ ಮುತ್ತುಗದ ಎಲೆಯಲ್ಲಿ ಮುಚ್ಚಿದ ಏನೋ ಇತ್ತು. ಎತ್ತಿ ನೋಡಿದೆ. ಮುದ್ದೆ.

"ಇದ್ಯಾಕಜ್ಜಿ?"

"ಸುಮ್ನೆ ಕೂತ್ಕೋ."

ಕೂತೆ. ಅಜ್ಜಿ ಏನೇನೋ ಹೇಳುತ್ತಿದ್ದರು, ತಮ್ಮ ತವರಿನ ಎಮ್ಮೆಯ ವಿಷಯ, ಮಂಡಿನೋವಿನ ಎಣ್ಣೆಯ ವಿಷಯ. ನನ್ನ ಕಿವಿಗೆ ಒಂದೂ ಹೋಗಲಿಲ್ಲ. ಬಿಸಿಲು ಇಳಿಯುತ್ತಾ ಬಂತು. ಹೊಂಗೆಯ ನೆರಳು ಬೇಲಿಯವರೆಗೆ ಹೋಯಿತು. ಕಾಗೆಯೊಂದು ಬಂದು ಮುದ್ದೆಯನ್ನು ನೋಡಿತು, ಅಜ್ಜಿ ಕೋಲು ಬೀಸಿದರು.

ಆಗ ಬೇಲಿಯಾಚೆ ಸದ್ದು ಕೇಳಿಸಿತು. ಗೆಜ್ಜೆಯದಲ್ಲ, ಕಲ್ಲಿನ ಮೇಲೆ ಕಬ್ಬಿಣ ಎಳೆದ ಸದ್ದು. ಚಿಂತಾಮಣಿಯ ದಾರಿಯಲ್ಲಿ, ಮೂಗು ನೆಲಕ್ಕೆ ಹಚ್ಚಿಕೊಂಡು, ಬೆಳಿಗ್ಗೆ ತಾನೂ ಮಾವನೂ ನಡೆದು ಹೋದ ಗುರುತನ್ನು ಒಂದೊಂದೇ ಹೆಜ್ಜೆ ಮೂಸಿಕೊಂಡು ಮೋತಿ ಬರುತ್ತಿತ್ತು. ಕೊರಳಿನ ಸರಪಳಿ ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ರೈಲು ಕೂಗಿದಾಗ ಬೆದರಿ, ಸ್ಟೇಷನ್ನಿನ ಬೆಂಚಿಗೆ ಕಟ್ಟಿದ್ದ ಸರಪಳಿ ಕಿತ್ತುಕೊಂಡು ಓಡಿತೆಂದೂ, ನಾಯಿ ಹಿಡಿಯುವುದೋ ರೈಲು ಹಿಡಿಯುವುದೋ ಎಂಬ ಗೊಂದಲದಲ್ಲಿ ತಾನು ರೈಲು ಹಿಡಿದೆನೆಂದೂ ಮಾವ ಮುಂದಿನ ಹಬ್ಬಕ್ಕೆ ಬಂದಾಗ ಹೇಳಿದರು. ಮೋತಿ ನನ್ನನ್ನು ನೋಡಲಿಲ್ಲ. ಸೀದಾ ಹೊಂಗೆ ಮರಕ್ಕೆ ಬಂದು, ಅಜ್ಜಿಯ ಮುಂದೆ ಕೂತು, ಬಾಯಿ ತೆರೆಯಿತು.

ಅಜ್ಜಿ ಎಲೆ ಬಿಚ್ಚಿ ಮುದ್ದೆ ಮುರಿದು ಹಾಕಿದರು.

"ಬರುತ್ತೆ ಅಂತ ನಿಂಗೆ ಹೆಂಗೆ ಗೊತ್ತಿತ್ತಜ್ಜಿ?" ಎಂದು ಕೇಳಿದೆ.

"ಗುಡ್ಡದಿಂದ ಬಿಟ್ರೆ ಬರ್ತಿತ್ತು. ಚಿಂತಾಮಣಿಯಿಂದ ಬಿಟ್ರೆ ಬರಲ್ವೇನೇ? ನೀನು ಕಲಿಸಿದ್ದು ಅದೊಂದೇ ತಾನೆ" ಎಂದರು ಅಜ್ಜಿ.

ಅಪ್ಪ ಬಂದು ನೋಡಿದರು. ಮೋತಿಯನ್ನು, ಸರಪಳಿಯನ್ನು, ನನ್ನನ್ನು. ಬೇಟೆನಾಯಿ ಎನ್ನಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. "ಇರ್ಲಿ ಬಿಡು" ಎಂದು ತಾವೇ ಸರಪಳಿ ಬಿಚ್ಚಿದರು. ಅದು ಮುಂದೆ ಬಾವಿಯ ಕೊಡಕ್ಕೆ ಬಳಕೆಯಾಯಿತು. ಮೋತಿ ಬಹಳ ವರ್ಷ ಇತ್ತು. ಒಂದು ಮೊಲವನ್ನೂ ಹಿಡಿಯಲಿಲ್ಲ. ಊರಿನಲ್ಲಿ ಕುರಿ ಕಳೆದರೆ, ಕರು ಕಳೆದರೆ, ಅವು ಎಲ್ಲಿಗೆ ಹೋದವೆಂದು ಹೇಳುತ್ತಿರಲಿಲ್ಲ; ಯಾರ ಮನೆಯಿಂದ ಹೊರಟವೆಂದು ಸರಿಯಾಗಿ ತೋರಿಸುತ್ತಿತ್ತು.

ಇಷ್ಟನ್ನೂ ಇವರಿಗೆ ಹೇಳಿದೆ. ಕೇಳಿ ನಕ್ಕರು. ಈಗಲಾದರೂ ಬಲಕ್ಕೆ ತಿರುಗುವುದು ಕಲಿ ಎಂದರು. ನಿನ್ನೆ ಔಷಧಿ ಅಂಗಡಿಯಿಂದ ಆಚೆ ಬಂದವಳು ಮತ್ತೆ ಬಂದ ದಾರಿಗೇ ತಿರುಗಿದೆ. ಈ ಸಲ ಗೊತ್ತಿದ್ದೂ ತಿರುಗಿದೆ. ಅಲ್ಲಿ ಹೊಂಗೆ ಮರವಿಲ್ಲ, ಮುದ್ದೆ ಇಟ್ಟುಕೊಂಡು ಅಜ್ಜಿ ಕೂತಿಲ್ಲ. ಆದರೂ ಸ್ವಲ್ಪ ದೂರ ನಡೆದು ನೋಡಿ ಬಂದೆ.